ಯಾವ ನೀರು ನಿಲ್ಲಿಸುದು, ಯಾವ ನೀರು ಬಿಡುದು

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪಕ್ಕದ ಒಂದು ವಾಚನಾಲಯದಲ್ಲಿ ಹಿರಿಯರ ಕೂಟಕ್ಕೆ ಮಾಡಿದ ಉಪನ್ಯಾಸ. ರೆಕಾರ್ಡಿಂಗ್ ಕೇಳಿ ಬರೆದದ್ದು. ಸ್ವಾಗತ, ವಂದನೆ ಎಲ್ಲ ಬಿಟ್ಟಿದ್ದೇನೆ.)

ನನಗೆ ಕೊಟ್ಟ ವಿಷಯ, ಬದುಕಿನಲ್ಲಿ ತನ್ನಷ್ಟಕ್ಕೆ ಆಗುವ ಬದಲಾವಣೆಗಳನ್ನು ಒಪ್ಪಿಕೊಂಡು ನೆಮ್ಮದಿಯಲ್ಲಿ ಇರುದು ಹೇಗೆ ಅಂತ. ಇದ್ರಲ್ಲಿ ವೇದಾಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ನಾನು ಆ ಕಡೆ ಹೋಗುದಿಲ್ಲ. ನಮ್ಮ ನಿಮ್ಮ ಮನೆಯೊಳಗೆ ಆಗುವ ಸಂಗತಿ ಮಾತ್ರ ಮಾತಾಡ್ತೇನೆ.

ಈಗ ನಮ್ಮ ಈ ಕಡೆ, ಕುಂಬಳೆ, ನೀರ್ಚಾಲು, ಪೆರ್ಲ, ಮುಳ್ಳೇರಿಯ ಎಲ್ಲಿಗೆ ಬೇಕಾದ್ರೂ ಹೋಗಿ, ಅಂಗಳ ದೊಡ್ಡದು, ಚಾವಡಿ ದೊಡ್ಡದು, ಒಳಗೆ ಇರುದು ಇಬ್ಬರು. ಮಗ ಬೆಂಗಳೂರಿನಲ್ಲಿ, ಮಗಳು ದುಬೈಯಲ್ಲೋ ಕೆನಡಾದಲ್ಲೋ. ಬಾಯಾರಿಕೆಗೆ ಕೊಟ್ಟು ಕೂತು ಮಾತಾಡ್ಲಿಕ್ಕೆ ಶುರು ಮಾಡಿದ್ರೆ ಹತ್ತು ನಿಮಿಷದೊಳಗೆ ಒಂದು ಮಾತು ಬಂದೇ ಬರ್ತದೆ, "ಮೊದ್ಲಿನ ಹಾಗೆ ಇಲ್ಲ ಈಗ" ಅಂತ. ಆ ಮಾತಿನಲ್ಲಿ ಸುಳ್ಳೇನಿಲ್ಲ. ಮೊದ್ಲಿನ ಹಾಗೆ ಇಲ್ಲವೇ ಇಲ್ಲ. ಆದ್ರೆ ಅದಾದ ಮೇಲೆ ಅವರು ಎಂತ ಹೇಳ್ತಾರೆ ಅಂತ ನಾನು ಕಿವಿ ಕೊಟ್ಟು ಕೇಳ್ತೇನೆ. ಕೆಲವರು "ಆಗ್ಲಿ, ಈಗ ಎಂತ ಮಾಡುದು ನೋಡುವ" ಅಂತಾರೆ. ಕೆಲವರು ಅಲ್ಲೇ ನಿಂತುಬಿಡ್ತಾರೆ, ವರ್ಷಗಟ್ಲೆ ಅಲ್ಲೇ.

ಮಗ ಊರು ಬಿಟ್ಟದ್ದು ಒಂದು ದುಃಖ, ಅದು ಸಹಜ, ಅದಕ್ಕೆ ಯಾರೂ ನಾಚಿಕೆ ಪಡ್ಬೇಕಾಗಿಲ್ಲ. ಅವ ಬಿಡ್ಲೇಬಾರದಿತ್ತು ಅಂತ ದಿನಾ ಬೆಳಿಗ್ಗೆ ಎದ್ದು ಮನಸ್ಸಿನಲ್ಲೇ ಅವನೊಟ್ಟಿಗೆ ವಾದ ಮಾಡುದು ಉಂಟಲ್ಲ, ಅದು ಎರಡನೇ ದುಃಖ. ಒಂದನೆಯದು ತಾನಾಗಿ ಬಂದದ್ದು, ಸ್ವಲ್ಪ ಸಮಯಕ್ಕೆ ಅದರ ಬಿಸಿ ಇಳೀತದೆ. ಎರಡನೆಯದಕ್ಕೆ ನಾವೇ ದಿನಾ ಸೌದೆ ಹಾಕ್ತೇವೆ. ಮತ್ತೆ ಗಮನಿಸಿ, ಮಗ ಫೋನ್ ಮಾಡಿದಾಗ ಅವನಿಗೆ ಕೇಳುದು ಈ ಎರಡನೆಯದೇ. ಅಮ್ಮನಿಗೆ ನನ್ನ ನೆನಪಾಗ್ತದೆ ಅಂತ ಅವನಿಗೆ ಕೇಳುದಿಲ್ಲ, ಅಮ್ಮ ಪುನಃ ಶುರು ಮಾಡಿದ್ಳು ಅಂತ ಕೇಳ್ತದೆ, ಹಾಗೆ ಫೋನು ವಾರಕ್ಕೊಂದು ಇದ್ದದ್ದು ತಿಂಗಳಿಗೊಂದು ಆಗ್ತದೆ.

ನಮ್ಮ ಮೈಯಿಂದಲೇ ಶುರು ಮಾಡುವ, ಯಾಕಂದ್ರೆ ಬದಲಾವಣೆ ಎಲ್ಲಕ್ಕಿಂತ ಮೊದ್ಲು ಗೊತ್ತಾಗುದು ಅಲ್ಲಿ. ನಲ್ವತ್ತು ದಾಟಿದ ಮೇಲೆ ಕಣ್ಣಿನ ಒಳಗಿನ ಮಸೂರ ಗಟ್ಟಿಯಾಗ್ತಾ ಬರ್ತದೆ, ಹತ್ತಿರದ್ದು ಮಸುಕು ಮಸುಕು, ಪೇಪರ್ ದೂರ ಹಿಡೀಬೇಕಾಗ್ತದೆ. ಇದು ರೋಗ ಅಲ್ಲ, ಕನ್ನಡಕ ಹಾಕಿದ್ರೆ ಮುಗೀತು. ನಿದ್ರೆಯೂ ಹಾಗೇ. ವಯಸ್ಸಾದ ಹಾಗೆ ಗಾಢ ನಿದ್ರೆಯ ಪಾಲು ಕಡಿಮೆ ಆಗ್ತದೆ, ನಡುನಡುವೆ ಎಚ್ಚರ ಆಗ್ತದೆ, ದೇಹದ ಗಡಿಯಾರವೇ ಸ್ವಲ್ಪ ಮುಂದೆ ಹೋಗ್ತದೆ, ರಾತ್ರಿ ಬೇಗ ತೂಕಡಿಕೆ, ಬೆಳಿಗ್ಗೆ ಬೇಗ ಎಚ್ಚರ. ಇದು ಗೊತ್ತಿಲ್ಲದವರು ಮೂರೂವರೆಗೆ ಎದ್ದು "ಅಯ್ಯೋ ನಿದ್ರೆ ಇಲ್ಲ ನಂಗೆ, ಇವತ್ತಿನ ದಿನ ಹಾಳು" ಅಂತ ಮಗ್ಗುಲು ಬದ್ಲಾಯಿಸ್ತಾ ಗಡಿಯಾರ ನೋಡ್ತಾ ಇರ್ತಾರೆ, ಆ ಚಿಂತೆಯಲ್ಲೇ ಬರಬೇಕಾದ ಒಂದು ಗಂಟೆ ನಿದ್ರೆಯೂ ಹೋಗ್ತದೆ. ಗೊತ್ತಿದ್ದವರು ಎದ್ದು ದೀಪ ಹಚ್ತಾರೆ, ಕಾಫಿ ಮಾಡ್ತಾರೆ, ಮಧ್ಯಾಹ್ನ ಉಂಡು ಅರ್ಧ ಗಂಟೆ ಒರಗ್ತಾರೆ. ನಿದ್ರೆ ಇಬ್ಬರದ್ದೂ ಹೆಚ್ಚುಕಡಿಮೆ ಅಷ್ಟೇ.

ನಮ್ಮ ಊರಿನಲ್ಲಿ ಒಬ್ಬರು ಇದ್ದಾರೆ, ಹೆಸರು ಬೇಡ, ಇಲ್ಲಿ ಕೂತ ಅರ್ಧ ಜನಕ್ಕೆ ಅಂದಾಜಾಗ್ತದೆ. ಅಡಿಕೆ ಮರ ಹತ್ತುದ್ರಲ್ಲಿ ಅವರನ್ನು ಮೀರಿಸಿದವರು ಇರ್ಲಿಲ್ಲ. ಕಾಲಿಗೆ ತಳೆ ಹಾಕಿ ಒಮ್ಮೆ ಹತ್ತಿದ್ರೆ ಮತ್ತೆ ಕೆಳಗೆ ಇಳಿಯುದು ಕಾಫಿಗೆ. ಮೇಲಿನಿಂದಲೇ ಮರ ಬಗ್ಗಿಸಿ ಪಕ್ಕದ ಮರ ಹಿಡಿದು ಆಚೆಗೆ, ಅಲ್ಲಿಂದ ಇನ್ನೊಂದಕ್ಕೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುದು ಅಂದ್ರೆ ನೀವು ನೋಡಿದ್ದೀರಿ, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಮರ ಜಾರ್ತಾ ಇರ್ತದೆ, ಎರಡು ಮಳೆಯ ನಡುವೆ ಬಿಸಿಲು ಬಂದ ಸ್ವಲ್ಪ ಹೊತ್ತಿನಲ್ಲಿ ತೋಟ ಮುಗಿಸ್ಬೇಕು. ಅಂಥ ಮನುಷ್ಯ ಅರುವತ್ತು ದಾಟಿದ ಮೇಲೆ ಒಂದು ವರ್ಷ ಬಂದು ತಳೆ ಮಗನಿಗೆ ಕೊಟ್ರು. ಬೀಳ್ಲಿಲ್ಲ, ಪೆಟ್ಟಾಗ್ಲಿಲ್ಲ, ಯಾರೂ ಹೇಳ್ಲೂ ಇಲ್ಲ. ಮೇಲೆ ಇರುವಾಗ ತೊಡೆ ನಡುಗಿತಂತೆ, ಒಂದು ಸಲ ಅಲ್ಲ, ಮೂರು ನಾಲ್ಕು ಸಲ. "ಮಾಷ್ಟ್ರೆ, ಮರ ಹೇಳಿತು ಸಾಕು ಅಂತ, ನಾನು ಕೇಳಿದೆ" ಅಂದ್ರು. ಈಗ ಅವರು ಎಂತ ಮಾಡ್ತಾರೆ ಗೊತ್ತುಂಟಾ, ಹುಡುಗರು ಈ ಕಾರ್ಬನ್ ಫೈಬರ್ ದೋಟಿ ತಂದಿದ್ದಾರಲ್ಲ, ನೆಲದಲ್ಲಿ ನಿಂತೇ ಕೊಯ್ಯುದು, ಅವರ ಜೊತೆ ತೋಟಕ್ಕೆ ಹೋಗ್ತಾರೆ. ತಲೆ ಎತ್ತಿ ನೋಡಿ ಯಾವ ಗೊನೆ ಹಣ್ಣಾಗಿದೆ, ಯಾವುದಕ್ಕೆ ಇನ್ನೊಂದು ವಾರ ಬೇಕು, ಯಾವ ಮರದ ತಲೆಯಲ್ಲಿ ಏನೋ ಸರಿ ಇಲ್ಲ, ಎಲ್ಲ ಹೇಳ್ತಾರೆ. ಹುಡುಗರಿಗೆ ದೋಟಿ ಹಿಡೀಲಿಕ್ಕೆ ಗೊತ್ತು, ಗೊನೆ ಓದ್ಲಿಕ್ಕೆ ಗೊತ್ತಿಲ್ಲ. ಅವರ ಸಂಬಳ ಕಡಿಮೆ ಆಗಿದೆ, ಅದು ಸತ್ಯ. ಅವರ ಮುಖ ನೋಡಿದ್ರೆ ಏನೋ ಕಳ್ಕೊಂಡ ಮನುಷ್ಯ ಅಂತ ಅನ್ನಿಸುದಿಲ್ಲ, ಅದೂ ಸತ್ಯ.

ಇಲ್ಲಿ ಒಂದು ಎಚ್ಚರಿಕೆ ಹೇಳ್ಲೇಬೇಕು, ಸ್ವಲ್ಪ ವಿಷಯ ಬಿಟ್ಟು ಹೋದ ಹಾಗೆ ಆದ್ರೂ ಪರವಾಗಿಲ್ಲ. "ವಯಸ್ಸಾಯ್ತಲ್ಲ, ಹಾಗೇ" ಅಂತ ಎಲ್ಲದಕ್ಕೂ ಹೇಳಿ ಸುಮ್ಮನೆ ಕೂರುದನ್ನು ನಾನು ಒಪ್ಪಿಕೊಳ್ಳುದು ಅಂತ ಕರೆಯುದಿಲ್ಲ. ಪರಿಚಯದವರ ಹೆಸರು ಥಟ್ಟನೆ ನೆನಪಾಗದೆ ಆಮೇಲೆ ನೆನಪಾದ್ರೆ ಅದು ವಯಸ್ಸು. ದಿನಾ ಹೋಗುವ ಅಂಗಡಿಯಿಂದ ಮನೆಗೆ ಬರುವ ದಾರಿ ಮರೆತ್ರೆ ಅದು ವಯಸ್ಸಲ್ಲ, ಡಾಕ್ಟ್ರ ಹತ್ರ ಹೋಗ್ಬೇಕು. ಕಣ್ಣಿಗೆ ಪೊರೆ ಬಂದು ಕುರುಡರ ಹಾಗೆ ಗೋಡೆ ಹಿಡಿದು ನಡೆಯುವವರು ಇದ್ದಾರೆ, ಸಣ್ಣ ಆಪರೇಷನ್ನಿಗೆ ಸರಿಯಾಗುವಂಥದ್ದು. ಹೆಂಗಸರು ಇಲ್ಲಿ ತುಂಬಾ ಜನ ಇದ್ದೀರಿ, ಬಿಚ್ಚಿ ಹೇಳ್ತೇನೆ, ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಪುನಃ ಸ್ವಲ್ಪ ರಕ್ತ ಕಂಡ್ರೂ "ಏನೋ ಉಷ್ಣ ಆಗಿರ್ಬೇಕು" ಅಂತ ಎಳನೀರು ಕುಡಿದು ಕೂರ್ಬೇಡಿ, ಅದೇ ವಾರ ಹೋಗಿ ತೋರಿಸಿ. ಹೆಚ್ಚಿನವರಿಗೆ ದೊಡ್ಡದೇನೂ ಇರುದಿಲ್ಲ. ಇದ್ದವರಿಗೆ ಬೇಗ ಗೊತ್ತಾದ್ರೆ ಜೀವ ಉಳೀತದೆ.

ಹಾಗಾದ್ರೆ ಯಾವುದನ್ನು ಒಪ್ಪಿಕೊಳ್ಳುದು, ಯಾವುದನ್ನು ಒಪ್ಪಿಕೊಳ್ಳದೆ ಇರುದು? ಇಡೀ ವಿಷಯದ ಕಷ್ಟ ಇರುದೇ ಇಲ್ಲಿ. ನನಗೆ ಇದಕ್ಕೆ ನಮ್ಮ ಕಟ್ಟಕ್ಕಿಂತ ಒಳ್ಳೆ ಉದಾಹರಣೆ ಸಿಗ್ಲಿಲ್ಲ. ತೋಡಿಗೆ ಅಡ್ಡ ಹಾಕುವ ಕಟ್ಟ. ಕಟ್ಟಕ್ಕೇ ಹೆಸರಾದ ಏತಡ್ಕದ ಕಡೆಯವರು ಇಲ್ಲಿದ್ರೆ ನನಗಿಂತ ಚೆಂದ ಹೇಳ್ತಿದ್ರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗಿಂತ ಹೆಚ್ಚು ಮಳೆ ಬೀಳ್ತದೆ, ಆದ್ರೂ ಫೆಬ್ರವರಿ ಕಳೀತು ಅಂದ್ರೆ ತೋಟಕ್ಕೆ ನೀರಿಲ್ಲ, ಯಾಕಂದ್ರೆ ಗುಡ್ಡದಿಂದ ಇಳಿದ ನೀರು ಸೀದಾ ಸಮುದ್ರಕ್ಕೆ. ಅದಕ್ಕೆ ಡಿಸೆಂಬರ್ ಹೊತ್ತಿಗೆ ತೋಡಿನಲ್ಲಿ ಹರಿವು ಇಳಿದಾಗ ನಾಲ್ಕು ಮನೆಯವರು ಸೇರಿ ಕಲ್ಲು, ಮಣ್ಣು, ಅಡಿಕೆ ಮರದ ಸಲಕೆ ಹಾಕಿ ಕಟ್ಟ ಕಟ್ತಾರೆ, ನೀರು ಹಿಂದೆ ಹಿಂದೆ ನಿಲ್ತದೆ, ನೆಲಕ್ಕೆ ಇಳೀತದೆ, ಸುತ್ತಲಿನ ಬಾವಿಗಳಲ್ಲಿ ನೀರು ಏರ್ತದೆ. ಮಾರ್ಚ್, ಏಪ್ರಿಲ್ ತನಕ ತೋಟಕ್ಕೆ ಜೀವ ಕೊಡುದು ಅದೇ. ಆದ್ರೆ ಜೂನ್ ಬರುವಾಗ ಅದೇ ಕಟ್ಟ ಬಿಡಿಸ್ಬೇಕು. ಇಷ್ಟು ಕಷ್ಟಪಟ್ಟು ಕಟ್ಟಿದ್ದೇನೆ, ಬಿಡುದಿಲ್ಲ ಅಂತ ಹಟ ಹಿಡಿದ್ರೆ ಮಳೆಯ ನೀರು ಕಟ್ಟವನ್ನೂ ತಕ್ಕೊಂಡು ಹೋಗ್ತದೆ, ಪಕ್ಕದ ತೋಟದ ದಂಡೆಯನ್ನೂ ತಕ್ಕೊಂಡು ಹೋಗ್ತದೆ. ಬಿಡಿಸಿದವರಿಗೆ ಗೊತ್ತುಂಟು, ಬರುವ ಡಿಸೆಂಬರಿಗೆ ಪುನಃ ಕಟ್ಟುದು ಅಂತ. ಅದೇ ತೋಡು, ಅದೇ ನೀರು, ಒಂದು ಕಾಲಕ್ಕೆ ತಡೆಯುದು ಸರಿ, ಒಂದು ಕಾಲಕ್ಕೆ ಬಿಡುದು ಸರಿ. ಕಾಲ ನೋಡಿ ಹೇಳ್ಬೇಕು, ಮೊದ್ಲೇ ಬರೆದಿಟ್ಟ ಉತ್ತರ ಇಲ್ಲ.

ಈಗ ನಾನು ಹೇಳುದು ನಮ್ಮ ಜಿಲ್ಲೆಯ ಗಾಯ. ಎಣ್ಮಕಜೆ, ಪಡ್ರೆ, ಮುಳಿಯಾರು ಈ ಕಡೆ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ರು. ಕೆಳಗೆ ಮನೆ, ಬಾವಿ, ತೋಡು, ಶಾಲೆ. ಆಮೇಲೆ ಎಂತ ಮಕ್ಕಳು ಹುಟ್ಟಿದ್ರು, ಎಂಥೆಂಥ ಕಾಯಿಲೆ ಬಂತು, ಇಲ್ಲಿ ಕೂತವರಿಗೆ ನಾನು ವಿವರಿಸ್ಬೇಕಾಗಿಲ್ಲ. ಆ ಮನೆಗೆ ಹೋಗಿ "ಎಲ್ಲ ವಿಧಿ, ಒಪ್ಪಿಕೊಳ್ಳಿ, ಶಾಂತಿ ಸಿಗ್ತದೆ" ಅಂತ ಯಾರಾದ್ರೂ ಹೇಳಿದ್ರೆ ಅದು ಪಾಪದ ಮಾತು. ಹಾಗೆ ಹೇಳಿದವರೂ ಇದ್ದರು, ದೈವದ ಶಾಪ ಅಂತ ಹೇಳಿದವರೂ ಇದ್ದರು. ಒಪ್ಪದೆ ಇದ್ದವರು ಇದ್ದದ್ದರಿಂದ, ಊರಿನ ಡಾಕ್ಟ್ರು, ಕೃಷಿಕರು, ಪತ್ರಿಕೆಯವರು, ಅಮ್ಮಂದಿರು ಸೇರಿ ಹಟ ಹಿಡಿದದ್ದರಿಂದ, 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡ್ಬೇಕು ಅಂತ ಸರಕಾರಕ್ಕೆ ಹೇಳಿತು. ಅದು ಕೈಗೆ ಬರ್ಲಿಕ್ಕೆ ಪುನಃ ಧರಣಿ, ಪುನಃ ಕೋರ್ಟು.

ಆದ್ರೆ ನಾನು ಆ ಅಮ್ಮಂದಿರಿಂದ ಕಲಿತದ್ದು ಇನ್ನೊಂದು ಉಂಟು, ಅದಕ್ಕೇ ಈ ವಿಷಯ ಎತ್ತಿದ್ದು. ಇಪ್ಪತ್ತೈದು ವರ್ಷದ ಮಗನಿಗೆ ಇವತ್ತಿಗೂ ಬಾಯಿಗೆ ಗಂಜಿ ಹಾಕ್ಬೇಕು. ಚಮಚ ಗಲ್ಲಕ್ಕೆ ತಾಗಿಸಿ, ಅವ ಬಾಯಿ ಬಿಡುವ ತನಕ ಕಾದು, ಅರ್ಧ ಹೊರಗೆ ಬಂದದ್ದನ್ನು ಬಟ್ಟೆಯಲ್ಲಿ ಒರಸಿ, ಪುನಃ. ಒಂದು ತಟ್ಟೆ ಗಂಜಿಗೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿ ಆ ತಾಯಿಯ ಮುಖದಲ್ಲಿ ಸಿಟ್ಟು ಇಲ್ಲ, ಇವ ಬೇರೆ ಹಾಗೆ ಇರ್ಬೇಕಿತ್ತು ಅನ್ನುವ ಜಗಳ ಇಲ್ಲ, ಅವನ ಹತ್ರ ಏನೋ ಮಾತಾಡ್ತಾ ಇರ್ತಾಳೆ, ಅವ ನಗ್ತಾನೆ. ಅದೇ ತಾಯಿ ಮರುದಿನ ರೈಲು ಹತ್ತಿ ತಿರುವನಂತಪುರಕ್ಕೆ ಹೋಗಿ ಸೆಕ್ರೆಟೇರಿಯಟ್ ಎದುರು ಕೂತು ಗಂಟಲು ಹರಿಯುವ ಹಾಗೆ ಘೋಷಣೆ ಕೂಗ್ತಾಳೆ. ಮಗ ಹೇಗಿದ್ದಾನೋ ಹಾಗೆ ಒಪ್ಪಿಕೊಂಡಾಗಿದೆ, ಮಾಡಿದ ಅನ್ಯಾಯ ಒಪ್ಪಿಕೊಳ್ಳುದಿಲ್ಲ. ಎರಡೂ ಒಂದೇ ಹೆಂಗಸಿನಲ್ಲಿ. ನಾವು ಹೇಳ್ತೇವಲ್ಲ, ಒಪ್ಪಿಕೊಂಡ್ರೆ ಹೋರಾಡುವ ಕೆಚ್ಚು ಹೋಗ್ತದೆ ಅಂತ, ಅದು ಸುಳ್ಳು ಅಂತ ನನಗೆ ಅಲ್ಲಿ ಗೊತ್ತಾದದ್ದು. ಮಗನ ಹತ್ರ ಜಗಳ ಇಲ್ಲದ ಕಾರಣವೇ ಆ ತಾಯಿಗೆ ಇಷ್ಟು ವರ್ಷ ಹೋರಾಡ್ಲಿಕ್ಕೆ ಶಕ್ತಿ ಉಳಿದದ್ದು.

ಭಾಷೆಯ ವಿಷಯ ಹೇಳದೆ ಕಾಸರಗೋಡಿನಲ್ಲಿ ಉಪನ್ಯಾಸ ಮುಗಿಯುದಿಲ್ಲ. 1956ರ ನವೆಂಬರ್ 1ಕ್ಕೆ ದಕ್ಷಿಣ ಕನ್ನಡದ ಉಳಿದ ಭಾಗ ಮೈಸೂರಿಗೆ ಹೋಯ್ತು, ನಾವು ಕೇರಳ ಆದೆವು. ಮನೆ ಅಲ್ಲೇ, ಬಾವಿ ಅಲ್ಲೇ, ರಾಜ್ಯ ಬೇರೆ. 1967ರಲ್ಲಿ ರಾಜ್ಯಗಳ ಗಡಿ ವಿವಾದ ನೋಡಿದ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರ್ಬೇಕು ಅಂತ ಹೇಳಿತು, ಅದು ಕಾಗದದಲ್ಲೇ ಉಳೀತು. ಇದು ಮಳೆ, ಬಿಸಿಲಿನ ಹಾಗೆ ತನ್ನಷ್ಟಕ್ಕೆ ಆದ ಬದಲಾವಣೆ ಅಂತ ನಾನು ಹೇಳುದಿಲ್ಲ, ಮನುಷ್ಯರು ಕೂತು ಮಾಡಿದ ನಿರ್ಧಾರ. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳನ್ನು ನೋಡಿ. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ್ರು, ನೂರು ವರ್ಷ. ಕಾಸರಗೋಡು ಕರ್ನಾಟಕದಲ್ಲಿ ವಿಲೀನ ಆಗ್ಲೇಬೇಕು ಅನ್ನುವ ಮಾತನ್ನು ಕೊನೆ ತನಕ ಬಿಡ್ಲಿಲ್ಲ. ಹಾಗಂತ ವಿಲೀನ ಆದ ಮೇಲೆ ಬದುಕ್ತೇನೆ ಅಂತ ಕೂತ್ರಾ? ಇಲ್ಲೇ ಪೆರಡಾಲದಲ್ಲಿ ಮೇಷ್ಟ್ರಾಗಿ ಮಕ್ಕಳಿಗೆ ಪಾಠ ಮಾಡಿದ್ರು, ತೋಟ ಮಾಡಿದ್ರು, ಬದಿಯಡ್ಕ ಪಂಚಾಯತು ನಡೆಸಿದ್ರು, ಮಲಯಾಳದ ಸಾಹಿತ್ಯವನ್ನು ಕನ್ನಡಕ್ಕೂ ತಂದ್ರು. ಬೇಡ ಅಂತ ಹೇಳಿದ ರಾಜ್ಯದ ಭಾಷೆಯನ್ನು ಪ್ರೀತಿಯಿಂದ ಓದಿದ್ರು.

ನಮ್ಮ ಮನೆಗಳಲ್ಲಿ ಈಗ ಮೊಮ್ಮಕ್ಕಳು ಮಲಯಾಳ ಕಲೆಸಿ ಕನ್ನಡ ಮಾತಾಡ್ತಾರೆ ಅಂತ ಅಜ್ಜಂದಿರಿಗೆ ಸಿಟ್ಟು. ಇಲ್ಲಿ ಮೊದ್ಲಿಂದಲೂ ಹಾಗೇ ಅಲ್ವಾ, ಮನೆಯಲ್ಲಿ ಹವ್ಯಕವೋ ಕರಾಡವೋ ಕೊಂಕಣಿಯೋ ಮರಾಟಿಯೋ, ಕೆಲಸದವರ ಹತ್ರ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಒಂದೇ ವಾಕ್ಯದಲ್ಲಿ ಮೂರು ಭಾಷೆ ಬರುದು ನಮ್ಮ ಗುಣ, ಅದನ್ನು ತಿದ್ದಿ ತಿದ್ದಿ ಮಗುವಿನ ಬಾಯಿ ಮುಚ್ಚಿಸ್ಬೇಡಿ. ಆದ್ರೆ ಮಗುವಿಗೆ ಕನ್ನಡ ಅಕ್ಷರವೇ ಬರುದಿಲ್ಲ ಅಂತಾದ್ರೆ ಅದು ತನ್ನಷ್ಟಕ್ಕೆ ಆದದ್ದಲ್ಲ, ನಾವು ಕಲಿಸದೆ ಬಿಟ್ಟದ್ದು. ಅಲ್ಲಿ ಕಟ್ಟ ಕಟ್ಬೇಕು. ಶನಿವಾರ ಒಂದು ಗಂಟೆ ಸಾಕು, ಈ ವಾಚನಾಲಯದಲ್ಲೇ ಮಾಡ್ಬಹುದು, ಇಲ್ಲಿ ರಿಟೈರ್ಡ್ ಟೀಚರುಗಳು ಎಷ್ಟು ಜನ ಇದ್ದೀರಿ ಕೈ ಎತ್ತಿ ನೋಡುವ. (ಹಲವರು ಕೈ ಎತ್ತಿದರು.) ಹಾಂ, ಸಾಕಷ್ಟಾಯ್ತು.

ನಿಲ್ಲಿಸುದನ್ನು ನಮ್ಮ ಹಿರಿಯರು ಒಂದು ಕ್ರಮವಾಗಿಯೇ ಮಾಡಿ ಇಟ್ಟಿದ್ರು. ಪತ್ತನಾಜೆ ಅಂದ್ರೆ ನಿಮಗೆ ಗೊತ್ತುಂಟು, ತುಳುವಿನ ಬೇಶ ತಿಂಗಳ ಹತ್ತನೇ ದಿನ, ಮೇ 24, 25ರ ಹೊತ್ತಿಗೆ ಬರ್ತದೆ. ಅವತ್ತಿಗೆ ದೈವಗಳ ಕೋಲ, ನೇಮ ನಿಲ್ತದೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ತಾರೆ. ಆರು ತಿಂಗಳು ರಾತ್ರಿ ಹಗಲು ಮಾಡಿ ಕುಣಿದ ಕಾಲಿನಿಂದ ಗೆಜ್ಜೆ ಬಿಚ್ಚಿ ದೇವರ ಎದುರು ಇಟ್ಟು ಮನೆಗೆ. ಜನ ಇನ್ನೂ ನೋಡ್ಲಿಕ್ಕೆ ರೆಡಿ ಇದ್ದಾರೆ, ಒಳ್ಳೆ ಕಲೆಕ್ಷನ್ ಉಂಟು, ಇನ್ನು ನಾಲ್ಕು ಆಟ ಆಡುವ ಅಂತ ಇಲ್ಲ. ನಿಲ್ಲುವ ದಿನ ಬಂತು, ನಿಂತಿತು. ಆಮೇಲೆ ಆಟಿ, ಮೊದ್ಲಿನ ಕಾಲಕ್ಕೆ ಹೊಟ್ಟೆಗೆ ಸಾಕಷ್ಟು ಇಲ್ಲದ ತಿಂಗಳು, ಕೆಸುವಿನ ಎಲೆ, ಹಲಸಿನ ಬೀಜದಲ್ಲಿ ದಿನ ತೆಗೆಯುದು. ಆಟಿ ಅಮಾವಾಸ್ಯೆಗೆ ಹಾಳೆ ಮರದ ತೊಗಟೆಯ ಕಷಾಯ, ಅಬ್ಬಬ್ಬ ಆ ಕಹಿ! ಮಕ್ಕಳಿಗೂ ಬಿಡುದಿಲ್ಲ. ಆದ್ರೆ ಆಟಿ ಆದ ಮೇಲೆ ಸೋಣ ಬರ್ತದೆ ಅಂತ ಎಲ್ಲರಿಗೂ ಗೊತ್ತಿರ್ತಿತ್ತು. ತಿಂಗಳ ಲೆಕ್ಕದಲ್ಲೇ ಕಷ್ಟಕ್ಕೆ ಒಂದು ಜಾಗ ಇತ್ತು, ಹಾಗಾಗಿ ಕಷ್ಟ ಬಂದಾಗ ನನಗೊಬ್ಬನಿಗೇ ಯಾಕೆ ಅನ್ನುವ ಪ್ರಶ್ನೆ ಕಡಿಮೆ.

ಯಕ್ಷಗಾನದ ಇನ್ನೊಂದು ಮಾತು, ಆಟ ನೋಡುವವರಿಗೆ ಇದು ಖುಷಿಯ ವಿಷಯ. ಸಣ್ಣ ಹುಡುಗ ಮೇಳಕ್ಕೆ ಸೇರಿದ್ರೆ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ. ಮೈಯಲ್ಲಿ ಕಸು ಬಂದ ಮೇಲೆ ಪುಂಡುವೇಷ, ಅಭಿಮನ್ಯು, ಬಭ್ರುವಾಹನ, ಹಾರಿ ಸುತ್ತುವ ಧಿಗಿಣ ಹಾಕುದೇ ಹಾಕುದು. ವರ್ಷ ಕಳೆದ ಹಾಗೆ ಆ ಧಿಗಿಣ ಆಗುದಿಲ್ಲ, ಆಗ ಕಿರೀಟ ವೇಷ, ಮಾತಿನ ಪಾತ್ರ, ಭೀಷ್ಮ, ದಶರಥ. ಎಲ್ಲರಿಗೂ ಹೀಗೆ ಆಗ್ತದೆ ಅಂತಲ್ಲ, ಕೆಲವರು ಎಪ್ಪತ್ತರಲ್ಲೂ ಪುಂಡುವೇಷ ಮಾಡಿ ಗೆದ್ದಿದ್ದಾರೆ. ಆದ್ರೆ ವಯಸ್ಸಿಗೊಂದು ವೇಷ ಆ ಕಲೆಯೊಳಗೇ ಉಂಟು. ನಮ್ಮ ಆಫೀಸು ಕೆಲಸದಲ್ಲಿ ಅದಿಲ್ಲ. ಮೇ 31ಕ್ಕೆ ಒಂದು ಶಾಲು, ಒಂದು ಹಾರ, ಒಂದು ಗೋಡೆ ಗಡಿಯಾರ, ಜೂನ್ 1ಕ್ಕೆ ಮನೆಯಲ್ಲಿ ಎಂತ ಮಾಡ್ಬೇಕು ಅಂತ ಯಾರೂ ಹೇಳಿಕೊಡುದಿಲ್ಲ. ರಿಟೈರ್ ಆಗ್ಲಿಕ್ಕೆ ಇನ್ನೂ ಎರಡು ಮೂರು ವರ್ಷ ಇದ್ದವರು ಈಗಲೇ ಒಂದು ಕೆಲಸ ಹಿಡೀರಿ ಅಂತ ನಾನು ಹೇಳುದು ಇದಕ್ಕೇ. ಮೊಮ್ಮಗುವನ್ನು ಆಡಿಸುದನ್ನು ಮಾತ್ರ ನಂಬಿ ಕೂರ್ಬೇಡಿ, ಮೊಮ್ಮಗು ಬೆಂಗಳೂರಿಗೆ ಹೋಗ್ತದೆ.

ಇನ್ನು ಸಾವು. ಇದನ್ನು ಬಿಟ್ಟು ಮಾತಾಡಿದ್ರೆ ನಾನು ತಪ್ಪಿಸಿಕೊಂಡ ಹಾಗೆ.

ನಮ್ಮ ಕೇರಳದಲ್ಲಿ ಒಂದು ಒಳ್ಳೆ ಸಂಗತಿ ಉಂಟು, ನಾವು ಕನ್ನಡದವರು ಅದರ ಬಗ್ಗೆ ಕಡಿಮೆ ಮಾತಾಡ್ತೇವೆ. 1993ರಲ್ಲಿ ಕಲ್ಲಿಕೋಟೆಯಲ್ಲಿ ಕೆಲವು ಡಾಕ್ಟ್ರುಗಳು ಪಾಲಿಯೇಟಿವ್ ಕೇರ್ ಅಂತ ಶುರು ಮಾಡಿದ್ರು, ವಾಸಿ ಆಗದ ಕಾಯಿಲೆಯವರ ನೋವು ಕಡಿಮೆ ಮಾಡುದು, ಮನೆಗೇ ಹೋಗಿ ನೋಡುದು. ಊರಿನ ಸಾಮಾನ್ಯ ಜನ ವಾಲಂಟಿಯರ್ ಆಗಿ ಸೇರಿದ್ರು. 2008ರಲ್ಲಿ ಸರಕಾರ ಅದಕ್ಕೊಂದು ನೀತಿ ಮಾಡಿತು, ಭಾರತದಲ್ಲೇ ಮೊದಲು. ಈಗ ಪಂಚಾಯತಿನ ಪಾಲಿಯೇಟಿವ್ ನರ್ಸು ಮನೆ ಬಾಗಿಲಿಗೆ ಬರ್ತಾರೆ.

ನನ್ನ ತಾಯಿ ಮಲಗಿದಲ್ಲೇ ಇದ್ದಾಗ ಬಂದ ನರ್ಸು ಮಲಯಾಳದವರು, ಕನ್ನಡ ನಾಲ್ಕೇ ಶಬ್ದ ಬರ್ತಿತ್ತು, ನನ್ನ ತಾಯಿಗೆ ಮಲಯಾಳ ಅದಕ್ಕಿಂತ ಸ್ವಲ್ಪ ಹೆಚ್ಚು. ಅವರು ಬಂದ ಕೂಡ್ಲೇ ಮೊದ್ಲು ಮಾಡುದು, ಎರಡು ಕೈಯನ್ನೂ ಉಜ್ಜಿ ಬೆಚ್ಚಗೆ ಮಾಡಿಕೊಂಡು ಆಮೇಲೆ ಅಮ್ಮನ ಬೆನ್ನು ಮುಟ್ಟುದು. ಮಗ್ಗುಲು ಮಾಡಿ, ಹುಣ್ಣು ಆಗ್ತಾ ಉಂಟಾ ನೋಡಿ, ಸೊಂಟದ ಕೆಳಗೆ ಹಳೇ ಸೀರೆಯನ್ನು ಒಂದೂ ಸುಕ್ಕು ಇಲ್ಲದ ಹಾಗೆ ಎಳೆದು ಹಾಸ್ತಿದ್ರು, ಸುಕ್ಕು ಇದ್ರೆ ಅಲ್ಲೇ ಹುಣ್ಣಾಗ್ತದೆ ಅಂತ ನಮಗೆ ತೋರಿಸಿ ಕೊಟ್ರು. ಒಂದು ದಿನ ಅಮ್ಮ "ಇನ್ನು ಎಷ್ಟು ದಿನ" ಅಂತ ಕೇಳಿದ್ಳು. ನಾವು ಮನೆಯವರು "ಎಂತ ಮಾತಾಡ್ತೀ, ನೀನು ಎದ್ದು ಓಡಾಡ್ಲಿಕ್ಕುಂಟು" ಅಂತ ಹೇಳ್ಲಿಕ್ಕೆ ಹೊರಟ್ರೆ ಆ ನರ್ಸು ಕಣ್ಣಲ್ಲೇ ತಡೆದು, ಮಂಚದ ಕೊಡಿಯಲ್ಲಿ ಕೂತು, "ಅಮ್ಮನಿಗೆ ಎಂತ ಅನ್ನಿಸ್ತದೆ" ಅಂತ ತಿರುಗಿ ಕೇಳಿದ್ರು. ಅಮ್ಮ ತುಂಬಾ ಹೊತ್ತು ಮಾತಾಡಿದ್ಳು. ಯಾರನ್ನು ನೋಡ್ಬೇಕು, ಕಿವಿಯ ಓಲೆ ಯಾರಿಗೆ, ತಮ್ಮನ ಮಗನೊಟ್ಟಿಗೆ ಮಾತು ಬಿಟ್ಟದ್ದು ಇನ್ನು ಸಾಕು, ಅವನನ್ನು ಬರ್ಲಿಕ್ಕೆ ಹೇಳಿ ಅಂತ. ನಾವು ಸುಳ್ಳು ಧೈರ್ಯ ಹೇಳಿದ್ದಿದ್ರೆ ಅದೊಂದೂ ಹೊರಗೆ ಬರ್ತಿರ್ಲಿಲ್ಲ. ಅವ ಬಂದ. ಆಮೇಲೆ ಅಮ್ಮನಿಗೆ ನಿದ್ರೆ ಚೆಂದ ಬರ್ಲಿಕ್ಕೆ ಶುರುವಾಯ್ತು.

ಹೋದವರ ದುಃಖದ ಬಗ್ಗೆಯೂ ಒಂದು ಮಾತು. ಹೋದವರನ್ನು ಮರೆತುಬಿಡಿ ಅಂತ ಯಾರಿಗೂ ಹೇಳ್ಬೇಡಿ. ನಮ್ಮ ಕ್ರಮ ನೋಡಿ, ಬೊಜ್ಜ, ಅಂದ್ರೆ ಉತ್ತರಕ್ರಿಯೆ, ಆಗುವ ತನಕ ಮನೆ ತುಂಬ ಜನ, ಆಮೇಲೆ ತಿಂಗಳಿಗೊಮ್ಮೆ ಮಾಸಿಕ, ಒಂದು ವರ್ಷ ಹಬ್ಬ ಇಲ್ಲ, ಆಮೇಲೆ ವರ್ಷಕ್ಕೊಂದು ದಿನ. ಮರೀಬೇಕು ಅಂತ ಯಾವ ಕ್ರಮದಲ್ಲೂ ಇಲ್ಲ, ದಿನಗಳ ನಡುವಿನ ದೂರ ಹೆಚ್ಚಾಗ್ತಾ ಹೋಗ್ತದೆ ಅಷ್ಟೇ. ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಾಗ ನೆನಪುಂಟಲ್ಲ, ಎಷ್ಟು ಜನ ಸೇರಿದ್ರು, ದೊಡ್ಡವರೂ ಅತ್ತರು. ಮರುವರ್ಷ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು. ನಾನು ಅಲ್ಲಿಗೆ ಹೋದಾಗ ಒಬ್ಬರು ಅಜ್ಜಿ ಮೊಮ್ಮಗುವಿಗೆ ತೋರಿಸ್ತಾ ಇದ್ರು, "ಇದು ಹೊಸ್ತು. ಬಬಿಯಾ ಬೇರೆ, ಅವ ಹೋದ" ಅಂತ. ಹೊಸತು ಬಂತು ಅಂತ ಅವರಿಗೆ ಸಂತೋಷ ಇತ್ತು, ಬಬಿಯಾನ ಜಾಗ ತುಂಬಿತು ಅಂತ ಅವರು ಹೇಳ್ಲಿಲ್ಲ. ಗಂಡ ಹೋದ ಹೆಂಗಸಿಗೆ, ಮಗ ಹೋದ ಮನೆಗೆ ನಾವು ಹಾಗೇ ಮಾತಾಡ್ಬೇಕು.

ಕೊನೆಗೆ ಇಲ್ಲಿ ಮುಂದೆ ಕೂತ ಅಕ್ಕ ಒಂದು ಪ್ರಶ್ನೆ ಕೇಳಿದ್ದಾರೆ, ಮಗ ಬರುದಿಲ್ಲ, ಜಾಗ ಮಾರುವ ಅಂತಾನೆ, ಇಲ್ಲಾಂದ್ರೆ ನನ್ನ ಹೆಸರಿಗೆ ಬರೆದುಕೊಡಿ, ನಾನೇ ಎಂತಾದ್ರೂ ಮಾಡ್ತೇನೆ ಅಂತಾನೆ, ಒಪ್ಪಿಕೊಳ್ಳುದಾ ಬೇಡವಾ ಅಂತ. ಅಕ್ಕ, ಅವ ಬರುದಿಲ್ಲ ಅನ್ನುದನ್ನು ಒಪ್ಪಿಕೊಳ್ಳಿ, ಅದು ಗಟ್ಟಿ. ಜಾಗದ ಮಾತನ್ನು ಅದ್ರ ಒಟ್ಟಿಗೆ ಕಟ್ಟಿ ಇವತ್ತೇ ಒಪ್ಪಿಕೊಳ್ಳುದು ಬೇಡ. ಫೋನಿನಲ್ಲಿ ಈ ಮಾತು ಆಡ್ಲೇಬೇಡಿ. ಓಣಂ ರಜೆಗೆ ಅವ ಬಂದಾಗ ಇಬ್ಬರೂ ತೋಟಕ್ಕೆ ಒಂದು ಸುತ್ತು ಹೋಗಿ, ಇನ್ನು ಐದು ವರ್ಷಕ್ಕೆ ನೀರು ಬಿಡುದು ಯಾರು, ಕೊಯ್ಲಿಗೆ ಯಾರು, ಖರ್ಚು ಎಷ್ಟು, ಉಳಿಯುದು ಎಷ್ಟು, ಒಂದು ಕಾಗದದಲ್ಲಿ ಬರೀರಿ. ಸ್ವಲ್ಪ ಮಾರಿ ಮನೆ ಸುತ್ತ ಇರುದನ್ನು ಇಟ್ಟುಕೊಳ್ಳುದೂ ಒಂದು ದಾರಿ. ಬರೆದುಕೊಡುದೇ ಆದ್ರೆ ದಾನಪತ್ರದಲ್ಲಿ ನಮ್ಮನ್ನು ಕೊನೆ ತನಕ ನೋಡಿಕೊಳ್ಬೇಕು ಅನ್ನುವ ಷರತ್ತು ಸ್ಪಷ್ಟವಾಗಿ ಬರೆಸಿ. ಹಿರಿಯ ನಾಗರಿಕರ 2007ರ ಕಾನೂನಿನಲ್ಲಿ 23ನೇ ಸೆಕ್ಷನ್ ಉಂಟು, ಅಂಥ ಷರತ್ತು ಇದ್ದು ನೋಡಿಕೊಳ್ಳದೆ ಹೋದ್ರೆ ಆ ದಾನವನ್ನು ಟ್ರಿಬ್ಯೂನಲ್ ರದ್ದು ಮಾಡ್ಲಿಕ್ಕೆ ಆಗ್ತದೆ. ಮಗನ ಮೇಲೆ ಸಂಶಯ ಪಟ್ಟ ಹಾಗೆ ಆಗ್ತದೆ ಅಂತ ಹಿಂಜರೀಬೇಡಿ, ಅವನ ಎದುರೇ ಹೇಳಿ, ಅವನನ್ನೇ ಕರ್ಕೊಂಡು ವಕೀಲರ ಹತ್ರ ಹೋಗಿ.